ಜಾತ್ರೆ ಕುಸ್ತಿ: ಹುಡುಗರನ್ನು ತೂಗಿ ಜೋಡಿ ಕಟ್ಟಿ

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆ ಸುತ್ತಮುತ್ತ ಜಾತ್ರೆ ಅಂದರೆ ಬಯಲು ಜಂಗೀ ಕುಸ್ತಿ ಇರಲೇಬೇಕು. ದೊಡ್ಡ ಪೈಲ್ವಾನರ ಜೋಡಿಗಳನ್ನು ಕಮಿಟಿಯವರು ಮೊದಲೇ ಮಾತಾಡಿ ಗೊತ್ತು ಮಾಡಿರುತ್ತಾರೆ. ಹುಡುಗರದು ಹಾಗಲ್ಲ. ಚಡ್ಡಿ ತೊಟ್ಟು ಅಖಾಡದ ಅಂಚಿಗೆ ಬಂದವರಲ್ಲಿ ಇಬ್ಬರನ್ನು ಹಿಡಿದು, ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, "ಸರಿ ಜೋಡಿ" ಅಂದುಬಿಟ್ಟರೆ ಮುಗಿಯಿತು.

ನನ್ನ ಮಗ ಗರಡಿಗೆ ಹೋಗುತ್ತಾನೆ. ಹೋದ ವರ್ಷ ಒಂದು ಊರಿನ ಜಾತ್ರೆಗೆ ಹೋದಾಗ ಅವನಿಗೆ 12 ವರ್ಷ, 34 ಕಿಲೋ. ಎದುರಿಗೆ ಬಿಟ್ಟ ಹುಡುಗ ಎತ್ತರದಲ್ಲೇನೋ ಸರಿಸಮ. ಆದರೆ ಕುತ್ತಿಗೆ ದಪ್ಪಗಾಗಿತ್ತು, ಮೀಸೆ ಚಿಗುರಿತ್ತು. "ಎಷ್ಟನೇ ಕ್ಲಾಸಪ್ಪಾ?" ಅಂದೆ. "ಹತ್ತು ಮುಗೀತು ರೀ" ಅಂದ. ನಾನು ಕಮಿಟಿಯವರ ಹತ್ತಿರ ಹೋಗುವಷ್ಟರಲ್ಲಿ ಹಲಗೆ ಬಾರಿಸೋದು ಶುರುವಾಗಿತ್ತು. ಆ ಹುಡುಗ ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆದ. ನನ್ನ ಮಗ ಕೈ ಊರಿ ಬಿದ್ದ. ಮುಂಗೈ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಬೇಕಾಯಿತು. ಗೆದ್ದವನ ತಪ್ಪೇನೂ ಇಲ್ಲ. ಇನಾಮು ಬಂದ ನೋಟು ಮುಷ್ಟಿಯಲ್ಲಿ ಹಿಡ್ಕೊಂಡು, ಪಾಪ, ನಮ್ಮ ಪಕ್ಕದಲ್ಲೇ ನಿಂತಿದ್ದ.

ನಾನು ಎಪಿಎಂಸಿಯಲ್ಲಿ ತೂಕದ ಕೆಲಸ ಮಾಡುವವನು. ಮೆಕ್ಕೆಜೋಳದ ಚೀಲ ಅರ್ಧ ಕಿಲೋ ಹೆಚ್ಚುಕಮ್ಮಿ ಆದರೆ ರೈತರೂ ಬಿಡಲ್ಲ, ದಲಾಲರೂ ಬಿಡಲ್ಲ. ಮಕ್ಕಳ ವಿಷಯಕ್ಕೆ ಬಂದರೆ "ಒಂದೈದು ಕಿಲೋ ಆಚೀಚೆ ಏನಾಗುತ್ತೆ ಬಿಡ್ರೀ" ಅಂತಾರೆ. ಆಗುತ್ತೆ ಸ್ವಾಮಿ. 75 ಕಿಲೋ ಪೈಲ್ವಾನನಿಗೆ ಐದು ಕಿಲೋ ಅಂದರೆ ಹದಿನೈದರಲ್ಲಿ ಒಂದು ಪಾಲು. 34 ಕಿಲೋ ಹುಡುಗನಿಗೆ ಏಳರಲ್ಲಿ ಒಂದು ಪಾಲು. ಮ್ಯಾಟ್ ಕುಸ್ತಿಯ ಅಂತರರಾಷ್ಟ್ರೀಯ ನಿಯಮ ಮಾಡಿದವರಿಗೆ ಈ ಲೆಕ್ಕ ಗೊತ್ತಿತ್ತು. 15 ವರ್ಷದೊಳಗಿನ ಹುಡುಗರ ಫ್ರೀಸ್ಟೈಲ್‌ನಲ್ಲಿ ಕೆಳಗಿನ ತೂಕಗಳು 38, 41, 44, 48 ಅಂತ ಒತ್ತೊತ್ತಾಗಿವೆ. ಮೇಲೆ ಹೋದರೆ 75 ಆದಮೇಲೆ ಸೀದಾ 85. ಈ 15ರೊಳಗಿನ ವಿಭಾಗ ಇರುವುದೂ 14, 15 ವರ್ಷದವರಿಗೆ. 13ರವನು ಆಡಬೇಕಾದರೆ ಡಾಕ್ಟರ್ ಸರ್ಟಿಫಿಕೇಟು, ಅಪ್ಪ-ಅಮ್ಮನ ಒಪ್ಪಿಗೆ ಎರಡೂ ಬೇಕು. 12ರವನಿಗೆ ಅಲ್ಲಿ ಜಾಗವೇ ಇಲ್ಲ.

ಹಾಗಂತ ತೂಕವೊಂದೇ ನೋಡಿದರೂ ಸಾಲದು. 40 ಕಿಲೋ ಇರುವ 12ರ ಹುಡುಗನೂ 40 ಕಿಲೋ ಇರುವ 16ರ ಹುಡುಗನೂ ತೂಕದ ಕಾಟಾದ ಮೇಲೆ ಒಂದೇ. ಅಖಾಡದಲ್ಲಿ ಅಲ್ಲ.

"ಹಿಂದೆಲ್ಲಾ ಕಣ್ಣಳತೆಯಲ್ಲೇ ನಡೀತಿರಲಿಲ್ವಾ" ಅಂತ ಹಿರಿಯರು ಕೇಳಬಹುದು. ನಡೀತಿತ್ತು. ಆಗ ಅಕ್ಕಪಕ್ಕದ ಗರಡಿಗಳ ಹುಡುಗರೇ ಬರುತ್ತಿದ್ದರು. ಯಾರ ಮಗ, ಮಣ್ಣಿಗಿಳಿದು ಎಷ್ಟು ವರ್ಷ ಆಯ್ತು ಅನ್ನೋದು ಉಸ್ತಾದರಿಗೆ ಗೊತ್ತಿರುತ್ತಿತ್ತು. ಈಗ ಹರಪನಹಳ್ಳಿ, ಶಿಕಾರಿಪುರ, ರಾಣೆಬೆನ್ನೂರು ಕಡೆಯಿಂದ ಗಾಡಿ ತುಂಬ ಹುಡುಗರು ಬರುತ್ತಾರೆ. ಬರಲಿ, ಸಂತೋಷ. ಗುರುತಿಲ್ಲದವರ ವಯಸ್ಸನ್ನು ಮುಖ ನೋಡಿ ಹೇಳೋದು ಹೇಗೆ?

ಒಂದು ಎಲೆಕ್ಟ್ರಾನಿಕ್ ಕಾಟಾ ಇಡಿ. ಬ್ಯಾಟರಿ ಮೇಲೂ ನಡೆಯುತ್ತದೆ, ಯಾವ ಅಂಗಡಿಯವರನ್ನು ಕೇಳಿದರೂ ಒಂದು ಮಧ್ಯಾಹ್ನಕ್ಕೆ ಕೊಡುತ್ತಾರೆ. ಆಧಾರ್ ಕಾರ್ಡೋ ಶಾಲೆಯ ಪತ್ರವೋ ನೋಡಿ, ವಯಸ್ಸು ಮತ್ತು ತೂಕವನ್ನು ಹುಡುಗನ ತೋಳಿನ ಮೇಲೆ ಪೆನ್ನಿನಲ್ಲಿ ಬರೆದುಬಿಡಿ. ಜೋಡಿ ಕೂಗುವಾಗ ಮೈಕಿನಲ್ಲಿ ಅದನ್ನೂ ಹೇಳಲಿ. 40 ಕಿಲೋ ಒಳಗಿನವರಲ್ಲಿ ಮೂರು ಕಿಲೋಗಿಂತ, ವಯಸ್ಸಿನಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಅಂತರ ಬೇಡ. ಕಾಗದದಲ್ಲೂ ಮೋಸ ಇದೆ ನಿಜ. 2025ರಲ್ಲಿ ನಕಲಿ ಜನನ ಪ್ರಮಾಣಪತ್ರ ಕೊಟ್ಟ 11 ಪೈಲ್ವಾನರನ್ನು ರಾಷ್ಟ್ರೀಯ ಕುಸ್ತಿ ಫೆಡರೇಷನ್ನೇ ಅಮಾನತು ಮಾಡಬೇಕಾಯಿತು. ಆದರೂ ಏನೂ ಕೇಳದೆ ಬಿಡೋದಕ್ಕಿಂತ ಕೇಳೋದು ವಾಸಿ.

ಕಾಟಾ ಬಂದರೆ ತೂಕ ಇಳಿಸೋಕೆ ಮಕ್ಕಳನ್ನು ಉಪವಾಸ ಕೆಡವುತ್ತಾರೆ ಅಂತ ನಮ್ಮ ಗರಡಿಯ ಉಸ್ತಾದರು ಹೇಳಿದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗಕ್ಕೆ ಇಳಿಯಲು ರಾತ್ರಿಯೆಲ್ಲಾ ಒದ್ದಾಡಿ, ಕೊನೆಗೆ 100 ಗ್ರಾಂ ಜಾಸ್ತಿ ಬಂದು ಫೈನಲ್ ಆಡೋ ಅವಕಾಶವನ್ನೇ ಕಳ್ಕೊಂಡಿದ್ದನ್ನು ಎಲ್ಲರೂ ನೋಡಿದ್ದೇವೆ. ಹಾಗಾಗಿ ಜಾತ್ರೆಯಲ್ಲಿ ತೂಕದ ವಿಭಾಗ ಮಾಡುವುದೇ ಬೇಡ. ಬಂದವರನ್ನು ತೂಗಿ, ಹತ್ತಿರದ ತೂಕದವನ ಜೊತೆ ಜೋಡಿ ಕಟ್ಟಿದರಾಯಿತು. ಆಗ ಊಟ ಬಿಟ್ಟು ಯಾರಿಗೂ ಲಾಭ ಇಲ್ಲ.

ಜೋಡಿ ಸಿಗದೆ ಒಂದಿಬ್ಬರು ಹುಡುಗರು ಸುಮ್ನೆ ವಾಪಸ್ ಹೋಗಬೇಕಾಗಬಹುದು. ಅವರಿಗೆ ಬಸ್ ಚಾರ್ಜು ಕೊಟ್ಟು ಕಳಿಸಿ. ಕಮಿಟಿಗಳು ತಾವಾಗಿ ಇದನ್ನು ಮಾಡುತ್ತವೆ ಅನ್ನೋ ನಂಬಿಕೆ ನನಗೆ ಅಷ್ಟಾಗಿ ಇಲ್ಲ. ಮೈಕಿನ ಅನುಮತಿಗೆ ಎಲ್ಲರೂ ಪೊಲೀಸ್ ಠಾಣೆಗೆ ಹೋಗಲೇಬೇಕಲ್ವಾ? ಕಾಟಾ ಎಲ್ಲಿಡುತ್ತೀರಿ, ತೂಗುವವರು ಯಾರು ಅಂತ ಅಲ್ಲೇ ಬರೆಸಿಕೊಳ್ಳಲಿ.

— ಪೈಲ್ವಾನ ಹುಡುಗನೊಬ್ಬನ ತಂದೆ, ದಾವಣಗೆರೆ