ನೈಟ್ರೋಗ್ಲಿಸರಿನ್ ಇಂಜೆಕ್ಷನ್ ಕಿಟ್‌ನಲ್ಲಿ ಪಿವಿಸಿ ಡ್ರಿಪ್ ಸೆಟ್ ಇಟ್ಟಿರುವ ಬಗ್ಗೆ ದೂರು

ಇಂದ,
ತೀವ್ರ ನಿಗಾ ಘಟಕದ ನರ್ಸಿಂಗ್ ವಿಭಾಗ ಮತ್ತು ಆಸ್ಪತ್ರೆಯ ಔಷಧ ವಿಭಾಗ

ಗೆ,
ಗುಣಮಟ್ಟ ವಿಭಾಗದ ಮುಖ್ಯಸ್ಥರು,
ಇಂಜೆಕ್ಷನ್ ತಯಾರಿಕಾ ಕಂಪನಿ

ವಿಷಯ: ನೈಟ್ರೋಗ್ಲಿಸರಿನ್ ಕಿಟ್‌ನ ಡ್ರಿಪ್ ಸೆಟ್, ಲೇಬಲ್ ಮತ್ತು ಒಳಚೀಟಿಯಲ್ಲಿನ ದೋಷಗಳು

ಮಾನ್ಯರೇ,

ಎದೆನೋವು ಮತ್ತು ಏರಿದ ಬಿಪಿಗೆ ರಕ್ತನಾಳ ಹಿಗ್ಗಿಸಲು ಕೊಡುವ ನೈಟ್ರೋಗ್ಲಿಸರಿನ್‌ನ ನಿಮ್ಮ ಹೊಸ ಕಿಟ್‌ನಲ್ಲಿ 5 ಮಿ.ಲೀ. ಆಂಪ್ಯೂಲ್ (ಔಷಧಿ ತುಂಬಿದ ಗಾಜಿನ ಶೀಶೆ) ಜೊತೆಗೆ ಒಂದು ಡ್ರಿಪ್ ಸೆಟ್ ಕೂಡ ಬರುತ್ತಿದೆ. ಸೆಟ್‌ನ ಕವರಿನ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಪಿವಿಸಿ ಎಂದು ಮುದ್ರಿಸಲಾಗಿದೆ. ಈ ಔಷಧಿಗೆ ಪಿವಿಸಿ ಎಂಬ ಪ್ಲಾಸ್ಟಿಕ್ ಆಗಿಬರುವುದಿಲ್ಲ. ಔಷಧಿ ತಯಾರಿಸಿದವರೇ ಜೊತೆಗಿಟ್ಟು ಕೊಟ್ಟ ಸೆಟ್ ಎಂದ ಮೇಲೆ ರಾತ್ರಿ ಪಾಳಿಯ ನರ್ಸ್ ಅದನ್ನು ಅನುಮಾನಿಸುವುದಾದರೂ ಹೇಗೆ? ನಂಬಿಯೇ ಹಾಕುತ್ತಾರೆ.

ನೈಟ್ರೋಗ್ಲಿಸರಿನ್ ಪಿವಿಸಿಯೊಳಗೆ ಇಂಗಿಹೋಗುತ್ತದೆ. ಸಾಮಾನ್ಯ ಪಿವಿಸಿ ಸೆಟ್‌ಗಳು ದ್ರಾವಣದಲ್ಲಿರುವ ಔಷಧಿಯಲ್ಲಿ ಶೇ 40ರಿಂದ 80ರಷ್ಟನ್ನು ಹೀರಬಲ್ಲವು. ಹರಿವು ನಿಧಾನವಾದಷ್ಟೂ, ನಳಿಕೆ ಉದ್ದವಾದಷ್ಟೂ ನಷ್ಟ ಹೆಚ್ಚು. ಶುರುವಿನಲ್ಲಿ ಬಹಳ ಹೀರಿ, ಬರಬರುತ್ತಾ ಕಡಿಮೆ ಹೀರುವುದರಿಂದ ಇಷ್ಟು ಕಳೆಯುತ್ತದೆ ಎಂದು ಲೆಕ್ಕ ಹಾಕಿ ಡೋಸ್ ಸರಿಪಡಿಸುವುದಕ್ಕೂ ಬರುವುದಿಲ್ಲ.

ನಿಮ್ಮದೇ ಆಂಪ್ಯೂಲ್ ತೆಗೆದುಕೊಳ್ಳೋಣ. 250 ಮಿ.ಲೀ. ಶೇ 5ರ ಡೆಕ್ಸ್ಟ್ರೋಸ್ (ಸಕ್ಕರೆ) ದ್ರಾವಣದಿಂದ 5 ಮಿ.ಲೀ. ಹೊರತೆಗೆದು, 25 ಮಿಲಿಗ್ರಾಂ ಇರುವ ಈ ಒಂದು ಆಂಪ್ಯೂಲ್ ಸೇರಿಸಿದರೆ ಪ್ರತಿ ಮಿ.ಲೀ.ಗೆ 100 ಮೈಕ್ರೋಗ್ರಾಂ ಆಗುತ್ತದೆ. ನಿಮಿಷಕ್ಕೆ 5 ಮೈಕ್ರೋಗ್ರಾಂ ಕೊಡಬೇಕೆಂದರೆ ಪಂಪ್‌ನಲ್ಲಿ ಗಂಟೆಗೆ 3 ಮಿ.ಲೀ. ಇಡಬೇಕು. 10 ಮಿ.ಲೀ. ಹಿಡಿಯುವ ನಳಿಕೆಯಾದರೆ ಈ ವೇಗದಲ್ಲಿ ದ್ರಾವಣ ಮೂರು ಗಂಟೆಗೂ ಹೆಚ್ಚು ಹೊತ್ತು ಪಿವಿಸಿಗೆ ತಾಗಿಕೊಂಡೇ ಇರುತ್ತದೆ. ಪಂಪ್ ಪರದೆಯಲ್ಲಿ 5 ಎಂದು ಕಾಣುತ್ತಿದ್ದರೂ ರೋಗಿಯ ರಕ್ತಕ್ಕೆ ಸೇರುತ್ತಿರುವುದು ಎಷ್ಟೆಂದು ಯಾರಿಗೂ ತಿಳಿಯದು.

ಬಿಪಿ ಇಳಿಯಲಿಲ್ಲ, ಎದೆನೋವು ನಿಲ್ಲಲಿಲ್ಲ ಎಂದು ವೈದ್ಯರು ಡೋಸ್ ಏರಿಸುತ್ತಾ ಹೋಗುತ್ತಾರೆ. ನಿಮಿಷಕ್ಕೆ 40 ಮೈಕ್ರೋಗ್ರಾಂ ತಲುಪಿದಾಗ ರೋಗಿಯನ್ನು ಬೇರೆ ಘಟಕಕ್ಕೆ ಸಾಗಿಸಿದರು, ಅಲ್ಲಿ ಔಷಧಿ ಹೀರದ ಪಾಲಿಎಥಿಲೀನ್ ಪ್ಲಾಸ್ಟಿಕ್‌ನ ಸೆಟ್ ಹಾಕಿದರು ಎನ್ನಿ. ಪಂಪ್‌ನ ಅಂಕಿ ಅದೇ, ಬ್ಯಾಗ್ ಅದೇ. ಆದರೆ ಈಗ ಇಡೀ 40 ಒಳಗೆ ಹೋಗುತ್ತದೆ, ಬಿಪಿ ದಿಢೀರನೆ ಕುಸಿಯುತ್ತದೆ. ಕಿರಿದಾದ ಹೃದಯ ರಕ್ತನಾಳ ಇರುವವರಿಗೆ ಆ ಕುಸಿತವೇ ಹೃದಯಕ್ಕೆ ರಕ್ತ ಸಾಲದಂತೆ ಮಾಡಬಹುದು. ತದ್ವಿರುದ್ಧವೂ ಆಗುತ್ತದೆ: ಹಳೆಯ ಪಿವಿಸಿ ಸೆಟ್ ತೆಗೆದು ಹೊಸ ಪಿವಿಸಿ ಸೆಟ್ ಹಾಕಿದ ಕೂಡಲೇ ಮತ್ತೆ ಹೀರಿಕೆ ಜೋರಾಗಿ, ಹತೋಟಿಗೆ ಬಂದಿದ್ದ ಬಿಪಿ ಏರುತ್ತದೆ.

ಒಳಚೀಟಿಯಲ್ಲಿ ಆರಂಭದ ಡೋಸ್ "ನಿಮಿಷಕ್ಕೆ 5ರಿಂದ 25 ಮೈಕ್ರೋಗ್ರಾಂ" ಎಂದಷ್ಟೇ ಇದೆ. ಇದು ನಮಗೆ ಎಲ್ಲಕ್ಕಿಂತ ಆತಂಕ ತಂದ ಸಾಲು. 25 ಎಂಬುದು ಪಿವಿಸಿ ನಳಿಕೆ ಬಳಸಿ ನಡೆಸಿದ ಹಳೆಯ ಅಧ್ಯಯನಗಳಿಂದ ಬಂದ ಅಂಕಿ. ಹೀರದ ನಳಿಕೆಯಲ್ಲಿ 5ರಿಂದಲೇ ಶುರು ಮಾಡಬೇಕು. 3ರಿಂದ 5 ನಿಮಿಷಕ್ಕೊಮ್ಮೆ 5ರಂತೆ ಏರಿಸಿ, 20ಕ್ಕೂ ಪ್ರತಿಕ್ರಿಯೆ ಕಾಣದಿದ್ದರೆ ಆಮೇಲೆ 10ರಂತೆ ಏರಿಸಬಹುದು. ಯಾವ ಅಂಕಿ ಯಾವ ನಳಿಕೆಗೆ ಎಂದು ಹೇಳದೆ ಎರಡನ್ನೂ ಒಂದೇ ಸಾಲಿನಲ್ಲಿ ಹೆಣೆದರೆ, ಒಳ್ಳೆಯ ಸೆಟ್ ಬಳಸುವವರು ಐದು ಪಟ್ಟು ಡೋಸ್‌ನಿಂದ ಆರಂಭಿಸುತ್ತಾರೆ.

ಲೇಬಲ್‌ನದು ಬೇರೆ ತೊಂದರೆ. ಕಂದು ಗಾಜಿನ ಮೇಲೆ ಬಿಳಿ ಅಕ್ಷರದಲ್ಲಿ "5 ಮಿಲಿಗ್ರಾಂ/ಮಿ.ಲೀ." ಎಂದು ಮಾತ್ರ ಇದೆ. ಆಂಪ್ಯೂಲ್‌ನ ಕತ್ತು ಮುರಿಯುವ ಮೊದಲು ಸ್ಪಿರಿಟ್ ಹತ್ತಿಯಿಂದ ಒರೆಸಿದರೆ "/ಮಿ.ಲೀ." ಭಾಗ ಅಳಿಸಿಹೋಗಿ 5 ಮಿಲಿಗ್ರಾಂ ಮಾತ್ರ ಉಳಿಯುತ್ತದೆ. ಹಾಗೆ ಓದಿದವರು 25 ಮಿಲಿಗ್ರಾಂಗೆಂದು ಐದು ಆಂಪ್ಯೂಲ್ ಒಡೆದರೆ ಬ್ಯಾಗ್‌ನಲ್ಲಿ 125 ಮಿಲಿಗ್ರಾಂ, ಅಂದರೆ ಪ್ರತಿ ಮಿ.ಲೀ.ಗೆ 500 ಮೈಕ್ರೋಗ್ರಾಂ ಸೇರಿದಂತಾಯಿತು. 400 ಮೀರಬಾರದು ಎಂಬ ಮಿತಿ ಇದಕ್ಕಿದೆ. "ಒಟ್ಟು 25 ಮಿಲಿಗ್ರಾಂ, 5 ಮಿ.ಲೀ.ಯಲ್ಲಿ" ಎಂದೂ "ದುರ್ಬಲಗೊಳಿಸದೆ ಕೊಡಬಾರದು" ಎಂದೂ ಅಳಿಸದ ಶಾಯಿಯಲ್ಲಿ, ದಪ್ಪಗೆ ಬರಬೇಕು.

ಒಳಚೀಟಿಯಲ್ಲಿ ಇನ್ನೂ ಕೆಲವು ಬಿಟ್ಟುಹೋಗಿವೆ. ಸಿಲ್ಡೆನಾಫಿಲ್, ಟಡಾಲಫಿಲ್ (ನಿಮಿರುವಿಕೆ ಸಮಸ್ಯೆಗೆ ಕೊಡುವ ಔಷಧಿಗಳು) ತೆಗೆದುಕೊಂಡವರಿಗೆ ಕೊಡಬಾರದೆಂಬ ಎಚ್ಚರಿಕೆ ಕೊನೆಯ ಪುಟದಲ್ಲಿದೆ, ಅದು ಮೊದಲ ಪುಟಕ್ಕೆ ಬರಲಿ. ಬೇರೆ ಔಷಧಿ ಬೆರೆಸಬಾರದು, ಔಷಧಿ ಹೀರುವ ಫಿಲ್ಟರ್ ನಡುವೆ ಜೋಡಿಸಬಾರದು, ದ್ರಾವಣದ ಸಾಂದ್ರತೆ ಬದಲಿಸಿದಾಗ ಸೆಟ್ ಬದಲಿಸಬೇಕು ಇಲ್ಲವೇ ಹೊಸ ದ್ರಾವಣದಿಂದ ತೊಳೆಯಬೇಕು ಎಂಬುದನ್ನೂ ಸೇರಿಸಿ. ತೊಳೆಯದಿದ್ದರೆ ನಳಿಕೆಯಲ್ಲಿ ಉಳಿದ ಹಳೆಯ ದ್ರಾವಣವೇ ನಿಧಾನ ಹರಿವಿನಲ್ಲಿ ಗಂಟೆಗಟ್ಟಲೆ ಹೋಗುತ್ತಿರುತ್ತದೆ.

ಈ ಕಿಟ್ ವಿತರಣೆಯನ್ನು ಕೂಡಲೇ ನಿಲ್ಲಿಸಿ, ಈಗಾಗಲೇ ಕಳಿಸಿರುವ ಎಲ್ಲ ಆಸ್ಪತ್ರೆಗಳಿಗೂ ಲಿಖಿತ ಎಚ್ಚರಿಕೆ ಕಳಿಸಬೇಕು. ಸೆಟ್ ಕೊಡುವುದಾದರೆ ಪಾಲಿಎಥಿಲೀನ್‌ನದ್ದೇ ಕೊಡಿ, ಇಲ್ಲವಾದರೆ ಆಂಪ್ಯೂಲ್ ಮಾತ್ರ ಕಳಿಸಿ. ನಮ್ಮಲ್ಲಿರುವ ಸೆಟ್‌ಗಳನ್ನು ಯಾರ ಕೈಗೂ ಸಿಗದಂತೆ ಬೇರೆ ಇಟ್ಟು ಬೀಗ ಹಾಕಿದ್ದೇವೆ, ಬಂದು ಒಯ್ಯಿರಿ. ಏಳು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಇದೇ ಪತ್ರವನ್ನು ಔಷಧ ನಿಯಂತ್ರಣ ಅಧಿಕಾರಿಗಳಿಗೆ ಕಳಿಸುತ್ತೇವೆ.

ಇಂತಿ,
ನರ್ಸಿಂಗ್ ವಿಭಾಗ ಮತ್ತು ಔಷಧ ವಿಭಾಗದ ಪರವಾಗಿ

ಲಗತ್ತು: ಕಿಟ್, ಒಳಚೀಟಿ ಮತ್ತು ಲೇಬಲ್‌ನ ಫೋಟೋಗಳು