ಅಲ್‌ಉಲಾದ ಹೆಲಿಕಾಪ್ಟರ್ ಬೇಡ, ಅಲ್ಲಿನ ಬಸ್ಸು ಬೇಕು

ಸಂಪಾದಕರಿಗೆ ನಮಸ್ಕಾರ.

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಹೆಲಿಕಾಪ್ಟರ್ ಪ್ರವಾಸವನ್ನು ಕಾಯಂ ಆಗಿ ಶುರು ಮಾಡಬೇಕು ಅನ್ನೋ ಮಾತು ಆಗಾಗ ಕೇಳಿಬರುತ್ತದೆ. ಹಾಸನಾಂಬೆ ಉತ್ಸವದ ಹೊತ್ತಿನಲ್ಲಿ, ಚಿಕ್ಕಮಗಳೂರು ಹಬ್ಬದಲ್ಲಿ ಕೆಲವು ದಿನದ ಮಟ್ಟಿಗೆ ಹಾರಾಟ ನಡೆದದ್ದೂ ಇದೆ. ಈಗ ಹಲವರು ಇದು ವರ್ಷವಿಡೀ ಇರಲಿ, ಸಂಜೆ ಹೊತ್ತು ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ ಮೇಲೆ ಒಂದು ಸುತ್ತು ಹೊಡೆಸಿದರೆ ಹೊರದೇಶದವರು ಬರುತ್ತಾರೆ ಅನ್ನುತ್ತಾರೆ. ಉದಾಹರಣೆಗೆ ಸೌದಿ ಅರೇಬಿಯಾದ ಅಲ್‌ಉಲಾ ನೋಡಿ ಅಂತ ನನಗೇ ಹೇಳಿದವರಿದ್ದಾರೆ. ಮಗಳು, ಅಳಿಯ ರಿಯಾದ್‌ನಲ್ಲಿರುವುದರಿಂದ ಆ ಅಲ್‌ಉಲಾವನ್ನು ನಾನು ನೋಡಿದ್ದೇನೆ. ಸೂರ್ಯ ಮುಳುಗುವ ಹೊತ್ತಿನ ಹೆಲಿಕಾಪ್ಟರ್‌ನಲ್ಲಿ ಕೂತೂ ಬಂದಿದ್ದೇನೆ. ನನಗೆ ತುಂಬಾ ಇಷ್ಟವಾಯಿತು. ಆದರೂ ಅದು ನಮ್ಮೂರಿಗೆ ಬೇಡ ಅಂತ ಹೇಳೋಕೇ ಈ ಪತ್ರ. ಅಲ್ಲಿಂದ ತರಬೇಕಾದ್ದು ಬೇರೆ ಇದೆ.

ಹಾರಾಟ ಹೇಗಿರುತ್ತೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಹತ್ತೋಕೆ ಮುಂಚೆ ಒಬ್ಬೊಬ್ಬರನ್ನೇ ನಿಲ್ಲಿಸಿ ತೂಕ ನೋಡುತ್ತಾರೆ. ಸಣ್ಣ ಹೆಲಿಕಾಪ್ಟರ್‌ನಲ್ಲಿ ಯಾರು ಮುಂದೆ, ಯಾರು ಹಿಂದೆ, ಯಾರು ಯಾವ ಪಕ್ಕ ಅನ್ನೋದು ತೂಕದ ಮೇಲೇ ತೀರ್ಮಾನ ಆಗುತ್ತದೆ, ನಮಗೆ ಇಷ್ಟ ಬಂದ ಕಿಟಕಿ ಕೇಳುವ ಹಾಗಿಲ್ಲ. ಬ್ಯಾಗು ಒಳಗೆ ಬಿಡುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ, ಅದಿಲ್ಲದಿದ್ದರೆ ಪಕ್ಕದವರು ಕೂಗಿದರೂ ಕೇಳುವುದಿಲ್ಲ, ಅಷ್ಟು ಸದ್ದು. ಈ ಸದ್ದಿನ ವಿಷಯ ಮುಂದೆ ಮತ್ತೆ ಬರುತ್ತದೆ.

ಮರಳುಗಾಡು ಅಂದರೆ ಬರೀ ಮರಳಿನ ದಿಬ್ಬ ಅಂದುಕೊಂಡವರಿಗೆ ಅಲ್‌ಉಲಾ ಆಶ್ಚರ್ಯ ತರುತ್ತದೆ. ಕಣ್ಣು ಹಾಯುವಷ್ಟು ದೂರ ಮರಳುಗಲ್ಲಿನ ಗುಡ್ಡಗಳು. ಗಾಳಿ ಮತ್ತು ಯಾವ ಕಾಲದಲ್ಲೋ ಸುರಿದ ಮಳೆ ಕೊರೆದು ಕೊರೆದು ಕಂಬ, ಕಮಾನು, ಅಣಬೆ, ಏನೇನೋ ಆಕಾರ ಮಾಡಿಟ್ಟಿವೆ. ಅದರಲ್ಲಿ ಹೆಸರುವಾಸಿಯಾದದ್ದು ಜಬಲ್ ಅಲ್‌ಫಿಲ್, ಆನೆ ಬಂಡೆ. 52 ಮೀಟರ್ ಎತ್ತರ, ಸೊಂಡಿಲು ನೆಲಕ್ಕೆ ಊರಿದ ಹಾಗಿದೆ. ಸಂಜೆಯ ಬಿಸಿಲು ಓರೆಯಾಗಿ ಬೀಳುವಾಗ ಬಂಡೆಯ ಒಂದು ಮುಖ ಕೆಂಡದ ಬಣ್ಣ, ಇನ್ನೊಂದು ಮುಖ ಪೂರ್ತಿ ಕಪ್ಪು. ನಡುಹಗಲಲ್ಲಿ ಮೇಲಿನಿಂದ ನೋಡಿದರೆ ಎಲ್ಲ ಚಪ್ಪಟೆ ಅನಿಸುತ್ತದೆ, ನೆರಳು ಉದ್ದ ಬಿದ್ದಾಗಲೇ ಉಬ್ಬು ತಗ್ಗು, ಕೆತ್ತನೆ ಎಲ್ಲ ಎದ್ದು ಕಾಣುವುದು. ಜನ ಸಂಜೆ ಹಾರಾಟವನ್ನೇ ಹುಡುಕಿಕೊಂಡು ಹೋಗುವುದರಲ್ಲಿ ಅರ್ಥ ಇದೆ.

ಆ ಗುಡ್ಡಗಳ ನಡುವೆ ಒಂದೇ ಒಂದು ಹಸಿರು ಪಟ್ಟಿ. ಖರ್ಜೂರದ ತೋಟಗಳು. ಅದನ್ನು ಮೇಲಿನಿಂದ ನೋಡಿದಾಗಲೇ ನನಗೆ ಆ ಊರಿನ ಚರಿತ್ರೆ ತಲೆಗೆ ಹೋಗಿದ್ದು. ಸುತ್ತ ಎಲ್ಲೂ ನೀರಿಲ್ಲ, ಇಲ್ಲಿ ಇದೆ. ದಕ್ಷಿಣ ಅರೇಬಿಯಾದಿಂದ ಧೂಪ, ಸುಗಂಧ ದ್ರವ್ಯ ಹೇರಿಕೊಂಡು ಈಗಿನ ಜೋರ್ಡಾನ್‌ನಲ್ಲಿರುವ ಪೆಟ್ರಾ ಕಡೆಗೆ, ಅಲ್ಲಿಂದ ಮೆಡಿಟರೇನಿಯನ್ ಕಡಲಿನ ಕಡೆಗೆ ಹೋಗುತ್ತಿದ್ದ ಒಂಟೆ ಸಾಲುಗಳು ಇಲ್ಲಿ ನಿಲ್ಲಲೇಬೇಕಿತ್ತು. ಆ ವ್ಯಾಪಾರದಿಂದಲೇ ಬೆಳೆದದ್ದು ದಾದಾನ್, ಲಿಹ್ಯಾನ್ ರಾಜ್ಯಗಳು, ಆಮೇಲೆ ಬಂದ ನಬಾತಿಯರು. ಪೆಟ್ರಾ ಕಟ್ಟಿದವರೂ ಇದೇ ನಬಾತಿಯರು, ಇಲ್ಲಿ ಅವರು ಮಾಡಿದ ಊರು ಹೆಗ್ರಾ. ಮದಾಯಿನ್ ಸಾಲಿಹ್ ಅಂತಲೂ ಕರೆಯುತ್ತಾರೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಸೌದಿಯಲ್ಲಿ ಆ ಮನ್ನಣೆ ಸಿಕ್ಕ ಮೊದಲ ಜಾಗ ಅದು. ಬಂಡೆಯಲ್ಲೇ ಕೊರೆದ 111 ದೊಡ್ಡ ಗೋರಿಗಳಿವೆ, ಅವುಗಳಲ್ಲಿ 94ಕ್ಕೆ ಕೆತ್ತನೆಯ ಅಲಂಕಾರ ಇದೆ. ಕ್ರಿ.ಶ. 106ರಲ್ಲಿ ರೋಮನ್ನರು ನಬಾತಿಯರ ರಾಜ್ಯವನ್ನು ತಮ್ಮದಕ್ಕೆ ಸೇರಿಸಿಕೊಂಡರು, ಗೋರಿಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನವು. ಪಕ್ಕದಲ್ಲೇ ಡಮಾಸ್ಕಸ್‌ನಿಂದ ಮದೀನಾಕ್ಕೆ 1908ರಲ್ಲಿ ತಲುಪಿದ ಹಿಜಾಜ್ ರೈಲಿನ ಹಳೆಯ ನಿಲ್ದಾಣವೂ ಇದೆ.

ಪೈಲಟ್ ಕಸ್ರ್ ಅಲ್ ಫರೀದ್ ಅನ್ನುವ ಗೋರಿಯ ಸುತ್ತ ನಿಧಾನಕ್ಕೆ ತಿರುಗಿಸುತ್ತಾನೆ, ಎರಡೂ ಬದಿಯವರಿಗೆ ಕಾಣಲಿ ಅಂತ. ಬಟ್ಟ ಬಯಲಿನಲ್ಲಿ ಒಂದೇ ಬಂಡೆ, ಅದರಲ್ಲಿ ನಾಲ್ಕು ಮಹಡಿ ಎತ್ತರಕ್ಕಿಂತ ಜಾಸ್ತಿ ಇರುವ ಒಂದೇ ಗೋರಿ. ಅದು ಎಷ್ಟು ಒಂಟಿ ಅನ್ನೋದು ಆಕಾಶದಿಂದ ನೋಡಿದರೇ ಚೆನ್ನಾಗಿ ಗೊತ್ತಾಗುವುದು, ಇದನ್ನು ಒಪ್ಪುತ್ತೇನೆ.

ಆದರೆ ಮಾರನೇ ದಿನ ಅದೇ ಗೋರಿಯ ಮುಂದೆ ನಿಂತಾಗ ಕಂಡದ್ದು ಬೇರೆ. ಮೇಲಿನ ಭಾಗ ನುಣ್ಣಗಿದೆ, ಕೆಳಕ್ಕೆ ಬಂದ ಹಾಗೆ ಒರಟು. ಬುಡದ ಹತ್ತಿರ ಉಳಿಯ ಏಟುಗಳು ಓರೆ ಓರೆಯಾಗಿ ಸಾಲು ಹಿಡಿದು ಹಾಗೇ ಉಳಿದಿವೆ. ನಬಾತಿಯರು ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಬರುತ್ತಿದ್ದರು, ಇದನ್ನು ಮುಗಿಸಲಿಲ್ಲ. ಬೇರೆ ಗೋರಿಗಳ ಬಾಗಿಲ ಮೇಲೆ ಬರಹ ಇದೆ. ಯಾರಿಗೆ ಸೇರಿದ್ದು, ಯಾವ ರಾಜನ ಕಾಲ, ಹಕ್ಕಿಲ್ಲದವರು ಒಳಗೆ ಹೂಳಿದರೆ ಎಷ್ಟು ದಂಡ, ಎಲ್ಲ ಬರೆದಿದ್ದಾರೆ. ಕೆಲವದರಲ್ಲಿ ಕೆತ್ತಿದ ಶಿಲ್ಪಿಯ ಹೆಸರೂ ಇದೆ! ಗೈಡ್ ಹುಡುಗಿ ಅದನ್ನು ಓದಿ ಹೇಳಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಬೇಲೂರಿನಲ್ಲಿ ಕೆತ್ತಿದ ಶಿಲ್ಪಿ ದಾಸೋಜ, ಅವನ ಮಗ ಚಾವಣ. ಅವರೂ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟು ಹೋದವರಲ್ವಾ. ಎಲ್ಲಿಯ ಅರೇಬಿಯಾ, ಎಲ್ಲಿಯ ಯಗಚಿ ದಂಡೆ. ಇದ್ಯಾವುದೂ ಹೆಲಿಕಾಪ್ಟರ್‌ನಿಂದ ಕಾಣಲಿಲ್ಲ, ಕಾಣುವುದೂ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ಹೊಯ್ಸಳರ ಕೆಲಸ ಬಳಪದ ಕಲ್ಲಿನದು. ಗೇಣು ದೂರದಲ್ಲಿ ನಿಂತು ನೋಡುವಂಥದ್ದು. ಬೇಲೂರಿನಲ್ಲಿ ಒಬ್ಬಳು ಮದನಿಕೆಯ ಹತ್ತಿರ ಹಣ್ಣಿನ ಮೇಲೆ ಒಂದು ನೊಣ, ಅದನ್ನು ಹಿಡಿಯೋಕೆ ಹೊಂಚು ಹಾಕಿದ ಹಲ್ಲಿ ಇದೆ. ಗೈಡ್ ಟಾರ್ಚ್ ಬಿಟ್ಟು ತೋರಿಸಿದರೂ ಎಷ್ಟೋ ಜನರಿಗೆ ಮೊದಲ ಸಲಕ್ಕೆ ಕಾಣುವುದಿಲ್ಲ. ಹಳೇಬೀಡಿನ ಕೆಳಗಿನ ಸಾಲಿನ ಆನೆಗಳನ್ನು ಬಗ್ಗಿ ನೋಡುತ್ತಾ ಹೋಗಬೇಕು, ಒಂದರ ಸೊಂಡಿಲಿದ್ದ ಹಾಗೆ ಇನ್ನೊಂದರದ್ದಿರುವುದಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಗೂ, ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಈಗ ಶಿಖರ ಇಲ್ಲ. ಮೇಲಿನಿಂದ ಕಾಣುವುದು ಚಪ್ಪಟೆ ಚಾವಣಿ, ಸುತ್ತ ಜಗತಿಯ, ಅಂದರೆ ಗುಡಿ ನಿಂತ ಕಲ್ಲಿನ ಕಟ್ಟೆಯ ಅಂಚು, ಅಷ್ಟೆ. ಅಷ್ಟು ದುಡ್ಡು ಕೊಟ್ಟು ಹಾರಿದವರು ಇಷ್ಟೇನಾ ಬೇಲೂರು ಅಂತ ಕೆಳಗಿಳಿದರೆ ಅದು ನಮ್ಮ ಶಿಲ್ಪಿಗಳಿಗೆ ಆಗುವ ಅನ್ಯಾಯ. ಇವು ಪೂಜೆ ನಡೆಯುವ ಗುಡಿಗಳು ಅನ್ನೋದನ್ನೂ ಮರೆಯಬಾರದು. ಸಂಜೆ ಮಂಗಳಾರತಿ ಹೊತ್ತಿಗೆ ಸರಿಯಾಗಿ ತಲೆ ಮೇಲೆ ಆ ಸದ್ದು ಬೇಕಾ?

1981ರ ಮಹಾಮಸ್ತಕಾಭಿಷೇಕದಲ್ಲಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರ್‌ನಿಂದ ಗೊಮ್ಮಟೇಶ್ವರನ ಮೇಲೆ ಹೂವು ಸುರಿದದ್ದನ್ನು ನಮ್ಮ ಕಡೆ ಹಿರಿಯರು ಈಗಲೂ ಹೇಳುತ್ತಾರೆ. ಅದು ಹನ್ನೆರಡು ವರ್ಷಕ್ಕೊಮ್ಮೆ ಬರುವ ಸಂಭ್ರಮ. ದಿನಕ್ಕೆ ಹತ್ತು ಸಲ ಹಾರುವುದು ಬೇರೆ ವಿಷಯ.

ಇನ್ನು ಗುಡ್ಡಗಳ ಮಾತು, ಇಲ್ಲಿ ನನಗೆ ನಿಜಕ್ಕೂ ಭಯ ಆಗುತ್ತದೆ. ಅಲ್‌ಉಲಾದ್ದು ಆನೆ ಬಂಡೆ. ನಮ್ಮವು ಜೀವ ಇರುವ ಆನೆಗಳು. ಆಲೂರು, ಸಕಲೇಶಪುರ, ಬೇಲೂರು ಕಡೆಯ ತೋಟದವರನ್ನು ಕೇಳಿ, ಬೆಳಿಗ್ಗೆ ಎದ್ದ ತಕ್ಷಣ ಮೊದಲು ನೋಡುವುದು ಆನೆ ಯಾವ ತೋಟದಲ್ಲಿದೆ ಅನ್ನುವ ಮೆಸೇಜ್. ಪಟಾಕಿ ಸದ್ದಿಗೇ ಗಾಬರಿ ಬಿದ್ದು ದಿಕ್ಕೆಟ್ಟು ಓಡುವ ಹಿಂಡಿನ ಮೇಲೆ ಹೆಲಿಕಾಪ್ಟರ್ ಕೆಳಮಟ್ಟದಲ್ಲಿ ಹಾದುಹೋದರೆ ಅವು ನುಗ್ಗುವುದು ಕಾಫಿ ಕುಯ್ಯುತ್ತಿರುವ ಹೆಂಗಸರು ಇರುವ ಕಡೆಗೇ. ಸಂಜೆ ಹೊತ್ತಿಗೆ ಆನೆಗಳ ಓಡಾಟ ಶುರು, ಕೆಲಸದವರು ಮನೆ ಕಡೆ ನಡೆಯುವುದೂ ಅದೇ ಹೊತ್ತಿಗೆ, ಹೆಲಿಕಾಪ್ಟರ್ ಕೇಳುವವರಿಗೆ ಹಾರಾಟ ಬೇಕಾಗಿರುವುದೂ ಅದೇ ಹೊತ್ತಿಗೆ. ಚಿಕ್ಕಮಗಳೂರು ಪಕ್ಕದಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಇದೆ. ಮುಳ್ಳಯ್ಯನಗಿರಿ, ಬಾಬಾ ಬುಡನ್‌ಗಿರಿಯ ಹುಲ್ಲುಗಾವಲು, ಶೋಲಾ ಕಾಡು ಇವುಗಳಿಗೆ ವೀಕೆಂಡ್‌ನಲ್ಲಿ ಬರುವ ಗಾಡಿಗಳ ಹಾರ್ನೇ ಜಾಸ್ತಿಯಾಗಿದೆ. ಮಂಜಿನ ಕಥೆ ಬೇರೆ. ಅಲ್‌ಉಲಾದಲ್ಲಿ ಮಳೆ ಅಪರೂಪ, ಆಕಾಶ ಬಹುಪಾಲು ತೆರೆದೇ ಇರುತ್ತದೆ. ನಮ್ಮಲ್ಲಿ ಜೂನ್ ಬಂತೆಂದರೆ ಗಿರಿಯ ಮೇಲೆ ಎದುರಿಗಿರುವ ಮನುಷ್ಯ ಕಾಣುವುದಿಲ್ಲ. ಸುಮ್ನೆ ಯಾಕೆ ಇಂಥ ಜಾಗದಲ್ಲಿ ಜನರನ್ನು ಹಾರಿಸಬೇಕು?

ಮೇಲಿನಿಂದ ನೋಡಬೇಕಾದ್ದು ನಮ್ಮಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಕಲೇಶಪುರದ ಮಂಜರಾಬಾದ್ ಕೋಟೆ, ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮೆಟ್ಟಿಲು ಹತ್ತಿ ಒಳಗೆ ನಿಂತವರಿಗೆ ಗೋಡೆ ತಿರುಗುವುದು ಮಾತ್ರ ಕಾಣುತ್ತದೆ, ನಕ್ಷತ್ರ ಕಾಣುವುದಿಲ್ಲ. ಹಳೇಬೀಡಿನದ್ದೂ ಹಾಗೇ. ಅದು ಬರೀ ಒಂದು ಗುಡಿಯ ಊರಲ್ಲ, ಹೊಯ್ಸಳರ ರಾಜಧಾನಿ ದೋರಸಮುದ್ರ. ದೊಡ್ಡ ಕೆರೆ, ಅದರ ಪಕ್ಕ ಗುಡಿಗಳು, ಜೈನ ಬಸದಿಗಳು, ದೂರದವರೆಗೆ ಹೋಗುವ ಕೋಟೆ ಗೋಡೆಯ ಅವಶೇಷ. ಖರ್ಜೂರದ ಹಸಿರು ಪಟ್ಟಿ ನೋಡಿ ನನಗೆ ಅಲ್‌ಉಲಾ ಅರ್ಥವಾದ ಹಾಗೆ, ಕೆರೆ ಸಮೇತ ಒಂದೇ ನೋಟಕ್ಕೆ ಕಂಡರೆ ಹಳೇಬೀಡು ಅರ್ಥವಾಗುತ್ತದೆ. ಆದರೆ ಅದಕ್ಕೆ ಪ್ರತಿದಿನ ಹೆಲಿಕಾಪ್ಟರ್ ಯಾಕೆ? ಅನುಮತಿ ತೆಗೆದುಕೊಂಡು ಒಂದು ಸಲ ಡ್ರೋನ್‌ನಲ್ಲಿ ಸಂಜೆ ಬಿಸಿಲಿಗೆ ಚೆನ್ನಾಗಿ ಚಿತ್ರೀಕರಿಸಿ, ಟಿಕೆಟ್ ಕೌಂಟರ್ ಹತ್ತಿರ ಒಂದು ಕೋಣೆಯಲ್ಲಿ ಹತ್ತು ನಿಮಿಷ ತೋರಿಸಿದರೆ ಆಯಿತು. ಶಾಲೆ ಮಕ್ಕಳೂ ನೋಡುತ್ತಾರೆ, ಮಂಡಿ ನೋವಿನ ಅಜ್ಜಿಯೂ ನೋಡುತ್ತಾಳೆ. ಹೆಲಿಕಾಪ್ಟರ್ ಸೀಟು ಯಾರಿಗೆ ಸಿಗುತ್ತೆ ಹೇಳಿ? ಮಗಳು ದುಡ್ಡು ಕೊಡದಿದ್ದರೆ ನಾನಂತೂ ಹತ್ತುತ್ತಿರಲಿಲ್ಲ.

ಹಾಗಾದರೆ ಅಲ್‌ಉಲಾದಿಂದ ಏನು ತರಬೇಕು? ಬಸ್ಸು. ಹೆಗ್ರಾದ ಒಳಗೆ ಯಾರೂ ಸ್ವಂತ ಕಾರು ತೆಗೆದುಕೊಂಡು ಗೋರಿ ಮುಂದೆ ನಿಲ್ಲಿಸುವ ಹಾಗಿಲ್ಲ. ಟಿಕೆಟ್ ಮೊದಲೇ ಬುಕ್ ಮಾಡಬೇಕು, ಅದರಲ್ಲಿ ಸಮಯ ಇರುತ್ತದೆ, ಆ ಸಮಯಕ್ಕೆ ಬಸ್ಸು ಕರೆದುಕೊಂಡು ಹೋಗುತ್ತದೆ. ಒಂದೊಂದು ಕಡೆ ಇಳಿಸುತ್ತಾರೆ, ಗೈಡ್ ಅಲ್ಲೇ ಇರುತ್ತಾರೆ, ನೋಡಿ ಮುಗಿಸಿದ ಮೇಲೆ ಮುಂದಿನ ಬಸ್ಸು. ಕೂರೋಕೆ ನೆರಳು, ಕುಡಿಯೋಕೆ ನೀರು. ಗೈಡ್‌ಗಳಲ್ಲಿ ಆ ಊರಿನ ಹುಡುಗ ಹುಡುಗಿಯರೇ ಎಷ್ಟೋ ಜನ. ತಮ್ಮ ಅಜ್ಜಂದಿರ ಕಾಲದ ಮಾತು, ಅಲ್‌ಉಲಾದ ಹಳೆ ಊರಿನ ಮಣ್ಣಿನ ಮನೆಗಳಲ್ಲಿ ಜನ ಇದ್ದದ್ದು, ಎಲ್ಲವನ್ನೂ ತಮ್ಮ ಮನೆಯ ಸುದ್ದಿಯ ಹಾಗೆ ಹೇಳುತ್ತಾರೆ. ನಮ್ಮ ಜೊತೆ ಬಂದಿದ್ದ ಹುಡುಗಿ ನಾನು ಮುಟ್ಟೋಕೆ ಕೈ ಚಾಚಿದ್ದನ್ನು ಕಂಡು ನಗುತ್ತಲೇ ಬೇಡ ಅಂದಳು, ಮರಳುಗಲ್ಲು ಮೆತ್ತಗೆ, ಸಾವಿರಾರು ಕೈ ಮುಟ್ಟಿದರೆ ಸವೆಯುತ್ತೆ ಅಂತ ತಾಳ್ಮೆಯಿಂದ ವಿವರಿಸಿದಳು. ನಮ್ಮ ಬಳಪದ ಕಲ್ಲು ಕೂಡ ಕೆತ್ತುವಾಗ ಮೆತ್ತಗಿನದೇ. ಹೋಗಿ ನೋಡಿ, ಕೈಗೆ ಎಟಕುವ ಎತ್ತರದಲ್ಲಿರುವ ವಿಗ್ರಹಗಳು ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಹೊಳೆಯುತ್ತಿವೆ, ಮೂಗು, ಬೆರಳು ಇರುವ ಜಾಗದಲ್ಲಿ ಏನೂ ಉಳಿದಿಲ್ಲ.

ಬೇಲೂರಿನಲ್ಲಿ ರಜಾ ದಿನ ರಥಬೀದಿಯ ಸ್ಥಿತಿ ಏನು ಅಂತ ಅಲ್ಲಿನವರಿಗೆ ಗೊತ್ತು. ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ಕಾರುಗಳನ್ನು ಆ ಹಳೆಯ ಚರ್ಚಿನ ಗೋಡೆ ಬುಡದವರೆಗೂ ಓಡಿಸಿಕೊಂಡು ಹೋಗುತ್ತಾರೆ, ಬಿರುಕು ಬಿಟ್ಟ ಗೋಡೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಇನ್ನೆಷ್ಟು ಮಳೆಗಾಲ ನಿಲ್ಲುತ್ತದೋ ಅನ್ನುವ ಸಂಕಟ ನನಗೆ. ಹಳೇಬೀಡಿನಲ್ಲಿ ಏಪ್ರಿಲ್ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡುವ ಮಕ್ಕಳು ಶಿಲ್ಪ ನೋಡುವುದೆಲ್ಲಿ ಬಂತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದಾಗ ನಾವೆಲ್ಲ ಖುಷಿಪಟ್ಟೆವು. ಆ ಖುಷಿಗೆ ತಕ್ಕ ವ್ಯವಸ್ಥೆ ನೆಲದ ಮೇಲೆ ಆಗಬೇಕು. ಮುಳ್ಳಯ್ಯನಗಿರಿಗೆ ಆನ್‌ಲೈನ್ ಬುಕಿಂಗ್ ತಂದು ವಾಹನಗಳಿಗೆ ಮಿತಿ ಹಾಕಿದ್ದು ಒಳ್ಳೆಯ ಕೆಲಸ, ಅದಕ್ಕೆ ಮನಸಾರೆ ಮೆಚ್ಚುಗೆ ಹೇಳುತ್ತೇನೆ. ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು, ಗಾಡಿಗಳನ್ನು ಕೆಳಗೇ ನಿಲ್ಲಿಸಿ ಮಿನಿ ಬಸ್‌ಗಳಲ್ಲಿ ಕರೆದುಕೊಂಡು ಹೋದರೆ ಗಿರಿಯ ರಸ್ತೆಯೂ ಉಸಿರಾಡುತ್ತದೆ, ಸ್ಥಳೀಯ ಡ್ರೈವರ್‌ಗಳಿಗೆ ಕೆಲಸವೂ ಸಿಗುತ್ತದೆ.

ಬೇಲೂರಿನ ಗೈಡ್‌ಗಳಲ್ಲಿ ನಿಜವಾದ ಪಂಡಿತರಿದ್ದಾರೆ, ಅವರ ಬಾಯಲ್ಲಿ ಕಥೆ ಕೇಳಿದವರು ಮರೆಯುವುದಿಲ್ಲ. ಅಂಥವರ ಕೈಕೆಳಗೆ ಬೇಲೂರು, ಹಳೇಬೀಡು, ಜಾವಗಲ್ ಕಡೆಯ ಪದವಿ ಮುಗಿಸಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಡಿ. ಸಂಬಳ ಕೊಡಿ. ಹೆಲಿಪ್ಯಾಡ್‌ಗೆ ಅಂತ ದುಡ್ಡು ಎತ್ತಿಡುವ ಯೋಚನೆ ಇದ್ದರೆ ಅದು ಮೊದಲು ಇದಕ್ಕೆ ಹೋಗಲಿ. ಬೇಲೂರು ಮತ್ತು ಹಳೇಬೀಡಿನ ನಡುವೆ ಇರುವುದು ಹದಿನೈದು ಹದಿನಾರು ಕಿಲೋಮೀಟರ್. ಊರಾಚೆ ಕಾರು ನಿಲ್ಲಿಸಿ, ಒಂದೇ ಟಿಕೆಟ್‌ನಲ್ಲಿ ಎರಡೂ ಕಡೆ ಸುತ್ತಿಸಿ, ಹಾಸನ ರಸ್ತೆ ಕಡೆಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನೂ ತೋರಿಸಿಕೊಂಡು ಬರುವ ಬಸ್ಸನ್ನು ಮುಂದಿನ ದಸರಾ ರಜೆಗಾದರೂ ಪ್ರಯೋಗಕ್ಕೆ ಬಿಡಿ ಅಂತ ಸಂಬಂಧಪಟ್ಟವರನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಟಿಕೆಟ್ ದರ ಕಾಲೇಜು ಮಕ್ಕಳ ಕೈಗೆ ಎಟಕುವಂತಿರಲಿ.

ನಿಮ್ಮ ಹಳೆಯ ಓದುಗರಲ್ಲೊಬ್ಬರು,
ಹಾಸನ