ಮೈಕ್ ಬಂದ್ ಆದ ಮ್ಯಾಲಿನ ಥ್ಯಾಂಕ್ಸ್

ದೋಸ್ತ,

ಪುಣೆದಾಗ ಕುಂತು ಮೂರು ಸಲ ಕೇಳಿದಿ, ನಮ್ಮ ಗ್ರೌಂಡ್ ನೋಡ್ಕೊಂತಿದ್ದ ಚಾಚಾನ ಔಷಧಕ್ಕ ರೊಕ್ಕ ಕೂಡ್ಸಾಕ ಇಟ್ಟಿದ್ದ ಹಾಕಿ ಮ್ಯಾಚಿನ ಪ್ರೋಗ್ರಾಮ್ ಹೆಂಗಾಯ್ತಲೇ ಅಂತ, ನಾ ಮೂರೂ ಸಲ ಬರೇ ಹೆಬ್ಬಟ್ಟು ತೋರ್ಸಿ ಸುಮ್ನಾಗೀನಿ. ಸಿಟ್ಟಾಗಬ್ಯಾಡಪಾ. ಪ್ರೋಗ್ರಾಮ್ ಚೊಲೋನೇ ಆಯ್ತು, ಆದ್ರ ನನ್ನಿಂದ ಒಂದು ತಪ್ಪಾಗ್ಯಾದ, ಅದು ಹೊಟ್ಯಾಗೇ ಕುಂತಾದ, ಅದಕ್ಕೇ ಈ ಪತ್ರ ನಿನಗೊಬ್ಬನಿಗೇ ಕಳಸಲಾರದೆ ಎಲ್ಲಾರಿಗೂ ಕಾಣಂಗ ಹಾಕ್ಲತ್ತೀನಿ. ಅವತ್ತು ದುಡದ ಮಂದೀನೂ ಓದ್ಲಿ.

ತಪ್ಪೇನಂದ್ರ, ಮೈಕ್ ನನ್ನ ಕೈಯಾಗಿತ್ತು. ಸ್ಟೇಜ್ ಬ್ಯಾಡ, ಹಾರ ಬ್ಯಾಡ, ಶಾಲು ಬ್ಯಾಡ ಅಂತ ಮೀಟಿಂಗ್‌ದಾಗ ಎಲ್ಲಾರೂ ಒಪ್ಪಿದ್ವಿ, ಸಂಜಿ ಆರಕ್ಕ ನೋಡಿದ್ರ ಒಂದು ದೊಡ್ಡ ಬುಟ್ಟಿ ತುಂಬ ಹಾರ ಬಂದ್ ನಿಂತಾದ! ಯಾರು ತಂದ್ರು ಅಂತ ಇವತ್ತಿಗೂ ಯಾರೂ ಒಪ್ಕೊಂಡಿಲ್ಲ. ತಂದ ಮ್ಯಾಲ ಹಾಕಲೇಬೇಕಲ್ಲ, ನಲವತ್ತು ನಿಮಿಷ ಬರೇ ಗಣ್ಯರು, ಮಾನ್ಯರು, ಶ್ರೀಯುತರು ಅಂತ ಚೀಟಿ ಓದಿದೆ. ಖರೇ ಥ್ಯಾಂಕ್ಸ್ ಹೇಳಬೇಕಾದ ಮಂದಿದು ಕಿಸೆದಾಗ ಬ್ಯಾರೇ ಚೀಟಿ ಇತ್ತು, ಅದು ತಗ್ಯಾಕ ಕೈ ಹಾಕೂದಕ್ಕೂ ಜನರೇಟರ್ ಗುರ್ ಅಂದು ನಿಂದ್ರೂದಕ್ಕೂ ಬರೋಬ್ಬರಿ ಆಯ್ತು. ಲೈಟ್ ವಾಪಸ್ ಬರೂದ್ರಾಗ ಮಂದಿ ಊಟಕ್ಕ ಎದ್ದಿದ್ರು. ಆ ಚೀಟಿ ಇನ್ನೂ ನನ್ನ ಪ್ಯಾಂಟಿನಾಗೇ ಅದ.

ಚಾಚಾನ ಸುದ್ದಿ ನಿನಗ ಗೊತ್ತದ, ಆದ್ರ ಎಷ್ಟು ಆಗ್ಯಾದ ಅಂತ ಗೊತ್ತಿಲ್ಲ ಅನಸ್ತದ. ವಾರಕ್ಕ ಮೂರು ದಿನ ಡಯಾಲಿಸಿಸ್, ಒಂದೊಂದು ಸಲ ನಾಲ್ಕು ತಾಸು. ಸರ್ಕಾರಿ ದವಾಖಾನ್ಯಾಗ ಮಷೀನಿಗಿ ರೊಕ್ಕ ತಗೊಳ್ಳಾಂಗಿಲ್ಲ, ಅದೊಂದು ಪುಣ್ಯ. ಆದ್ರ ಹೋಗಿ ಬರೂ ಆಟೋ ಯಾರು ಕೊಡಬೇಕು, ಹೊರಗ ಬರದು ಕೊಡೋ ಗುಳಿಗಿ, ರಕ್ತ ಏರ್ಲಿ ಅಂತ ಹಾಕೋ ಇಂಜೆಕ್ಷನ್, ಜೋಡಿ ಹೋಗೋ ಮಗನ ಪಗಾರ ಆ ಮೂರೂ ದಿನ ಹೋತು. ನನಗ ಭಾಳ ನಟ್ಟಿದ್ದು ಬ್ಯಾರೇನೇ. ನೀರು ಅಳದು ಕುಡೀಬೇಕಂತ ಅಂವಗ. ದಿನಾ ಮುಂಜಾನಿ ಐದಕ್ಕ ಎದ್ದು ಇಡೀ ಗ್ರೌಂಡಿಗಿ ಪೈಪ್ ಹಿಡದು ನೀರು ಹೊಡಿತಿದ್ದ ಮನಷ್ಯಾ, ಈಗ ಒಂದು ಸ್ಟೀಲ್ ಗ್ಲಾಸಿನಾಗ ಗೀಟು ಹಾಕ್ಕೊಂಡು ಕುಂತಾನ. ನಮ್ಮ ಕಲಬುರಗಿ ಬ್ಯಾಸಿಗಿ ನಿನಗ ಹೇಳಬೇಕೇನು.

2021 ರಾಗ ಟೋಕಿಯೋ ಒಲಿಂಪಿಕ್ಸ್ ಹಾಕಿ ಮ್ಯಾಚ್ ಚಾಚಾನ ಪತ್ರಾಸ್ ಶೆಡ್ಡಿನಾಗೇ ನೋಡಿದ್ವಲ್ಲ, ಒಂದೇ ಮೊಬೈಲು, ಒಂಬತ್ತು ಮಂದಿ. ಜರ್ಮನಿ ಮ್ಯಾಲ 5-4, ಕಡೀ ಸೆಕೆಂಡಿನಾಗ ನಮ್ಮ ಗೋಲ್‌ಕೀಪರ್ ಶ್ರೀಜೇಶ್ ಪೆನಾಲ್ಟಿ ಕಾರ್ನರ್ ತಡದಾಗ ಚಾಚಾ ಚಹಾದ ಕೆಟಲಿ ಒದ್ದುಬಿಟ್ಟಿದ್ದ. 41 ವರ್ಷ ಆದ ಮ್ಯಾಲ ಪದಕ ಬಂದಾದ, ಚಹಾ ಹೋದ್ರ ಹೋಗ್ಲಿ ಅಂದಿದ್ದ. ಆಗ ಅಂವನ ಕಾಲು ಬಾತಿದ್ದು ನಾವು ಯಾರೂ ನೋಡ್ಲೇ ಇಲ್ಲ.

ಮೊದಲು ಆಗಸ್ಟ್ 29ಕ್ಕ, ಧ್ಯಾನಚಂದರು ಹುಟ್ಟಿದ ದಿನ ಮಾಡೂಣು ಅಂದಿದ್ವಿ. ಚಾಚಾನೇ ಬ್ಯಾಡ ಅಂದ. ಕರಿ ನೆಲ, ಮಳಿ ಬಿದ್ರ ಶೂ ಸಮೇತ ಕಾಲು ನುಂಗ್ತದ, ಚಳಿಗಾಲಕ್ಕ ಇಡ್ರಿ ಅಂದ. ಹಂಗಾಗಿ ಡಿಸೆಂಬರ್. ಒಂದು ಟ್ರ್ಯಾಕ್ಟರ್ ಮಾಲಕ ಮೂರು ಟ್ರಿಪ್ ಮೊರಂ ಸುಮ್ನ ತಂದ್ ಹಾಕ್ದ. ಡೀಸೆಲ್ಲರ ತಗೋರೀ ಅಂದ್ರ, ಸಣ್ಣಾಂವ ಇದ್ದಾಗ ಚಾಚಾನ ಕೈಲಿ ಎಷ್ಟು ಬೈಸ್ಕೊಂಡೀನಿ, ಅದರ ಬಡ್ಡಿ ಇದು ಅಂತಾನ.

ಗೀಟು ಹಾಕೋ ಕೆಲಸ ಈ ಸಲ ಹುಡುಗರಿಗಿ ಬಿಟ್ಟಿದ್ವಿ. ಅವು ಗೋಲಿನ ನಟ್ಟ ನಡುವ ಗೂಟ ಬಡದು, ಹಗ್ಗ ಕಟ್ಟಿ, ಗೋಲಿನ ಮುಂದಿನ ಡಿ ಗೀಟು ಅರ್ಧಾ ರೊಟ್ಟಿ ಹಂಗ ಚೊಲೋ ದುಂಡಗ ಎಳದ್ವು. ಚಾಚಾ ಕುರ್ಚಿ ಮ್ಯಾಲ ಕುಂತಿದ್ದ, ಅವತ್ತು ಮುಂಜಾನಿ ಡಯಾಲಿಸಿಸ್ ಮುಗಿಸ್ಕೊಂಡು ಬಂದಾಂವ, ಧ್ವನಿನೇ ಹೊಂಡವಲ್ದು. ಆದ್ರೂ ಅಲ್ಲಿಂದೇ ಒದರಿದ, "ಅರೇ ಹೌಲೇ, ಡಿ ಹಂಗ್ ಬರಂಗಿಲ್ಲಲೇ!" ಅಂತ. ಖರೇ ಅದ ನೋಡು, ಇಷ್ಟು ವರ್ಷ ಆ ಡಿ ಒಳಗ ಆಡೀವಿ, ಅದು ಅರ್ಧಾ ಸರ್ಕಲ್ ಅಲ್ಲ ಅಂತ ನನಗೂ ನೆನಪಿರ್ಲಿಲ್ಲ. ಎರಡು ಕಂಬಕ್ಕ ಎರಡು ಸಲ ಹಗ್ಗ ಕಟ್ಟಿ 16 ಗಜದ ಕಾಲು ಕಾಲು ದುಂಡು ಎಳೀಬೇಕು, ನಡುವ ಗೋಲಿನ ಅಗಲದಷ್ಟೇ 4 ಗಜ ನೆಟ್ಟಗ ಗೀಟು ಬರ್ತದ. ಎಲ್ಲಾ ಅಳಿಸಿ ಮತ್ತ ಹಾಕ್ಸಿದ. ಸುಣ್ಣ ಮುಗೀತು, ಸೂಪರ್ ಮಾರ್ಕೆಟಿಗಿ ಹೋಗಿ ಮತ್ತೊಂದು ಚೀಲ ತಂದ್ವಿ. ಆ ಒಂದು ತಾಸು ಅಂವಗ ಬ್ಯಾನಿ ಇರ್ಲಿಲ್ಲ ಅಂತ ಅಂವನ ಹೆಂಡ್ತಿ ಆಮ್ಯಾಲ ಹೇಳಿದ್ಲು.

ಈಗ ಚೀಟಿ ತಗೀತೀನಿ. ಹೆಸರು ಹಾಕಬ್ಯಾಡ್ರಿ ಅಂದಾರ ಅರ್ಧಾ ಮಂದಿ, ಹಂಗಾಗಿ ಯಾರದೂ ಹಾಕಲ್ಲ, ಅವರಿಗಿ ಗೊತ್ತಾಗ್ತದ. ಬೀದರಿನ ಹುಡುಗರು ಸ್ವಂತ ರೊಕ್ಕದಾಗ ಬಸ್ ಹತ್ತಿ ಹುಮನಾಬಾದ್ ಮ್ಯಾಲಿಂದ ಬಂದ್ರು, ಬಂದು ನಮಗ 4-1 ಬಡದ್ರು, ಹೋಗಾಗ ತಮ್ಮ ಟೀಮಿಂದು ಒಂದು ಲಕೋಟಿ ಡಬ್ಬಿಗಿ ಹಾಕಿ ಹೋದ್ರು. ಹಿಂಗಾ ಸೋತ್ರ ದಿನಾ ಸೋಲೂಣು. (ನಮ್ಮ ಮೊಣಕಾಲಿಗಿ 15 ನಿಮಿಷದ ನಾಲ್ಕು ಕ್ವಾರ್ಟರ್ ಆಗಾಂಗಿಲ್ಲಂತ 10ಕ್ಕ ಇಳಿಸಿದ್ವಿ, ಇಲ್ಲಂದ್ರ ಎಂಟು ಗೋಲು ಆಗ್ತಿದ್ವು.) ರೊಟ್ಟಿ ಮಾಡಿದ ಅಕ್ಕಾರು ಹಿಂದಿನ ದಿನದಿಂದ ಕುಂತು ಖಡಕ್ ರೊಟ್ಟಿ ಬಡದಾರ, ಪುಂಡಿ ಪಲ್ಯಾ, ಶೇಂಗಾ ಹಿಂಡಿ ಅವರದೇ, ಪಿಂಡಿಗೆಷ್ಟು ಅಂತ ಕೇಳಿದ್ರ ಬರೇ ಹಿಟ್ಟಿಂದು ಕೊಡ್ರಿ ಅಂದ್ರು. ತಹರಿ ಭಟ್ಟಿ ಹಚ್ಚಿದ ಭಾಯ್ ಅಂತೂ ಹೊಗ್ಯಾಗೇ ಇದ್ದ, ಮ್ಯಾಚ್ ಒಂದು ನಿಮಿಷಾನೂ ನೋಡ್ಲಿಲ್ಲ, ಅಂವಗ ಸ್ಕೋರ್ ಹೇಳೋದೂ ಮರ್ತಿದ್ವಿ. ಪೆಂಡಾಲದಾಂವ ಜನರೇಟರ್ ಕೆಟ್ಟಿದ್ದಕ್ಕ ನಾಚ್ಕೊಂಡು ಬಾಡಗಿನೇ ತಗೊಳ್ಳಿಲ್ಲ, ಅಂವಗ ನಾ ಅವತ್ತು ಬೈದೀನಿ, ಕಾಕಾ ಮಾಫ್ ಮಾಡು. ಮತ್ತ ಗಟಾರಕ್ಕ ಹೋದ ಚೆಂಡು ತಗದ್ ತಗದ್ ಕೊಟ್ಟ ಓಣಿ ಹುಡುಗರು, ಅವಕ್ಕ ಮಾಲಪುರಿ ಕೊಡ್ತೀನಿ ಅಂದಿದ್ದೆ, ಬಾಕಿ ಅದ.

ಲೆಕ್ಕ ಹಿಡದ ಹುಡಗಿ ಬಿ.ಕಾಂ. ಓದ್ಲತ್ತಾಳ, ನಮ್ಮ ಲೆಫ್ಟ್ ಬ್ಯಾಕಿನ ತಂಗಿ. ಹತ್ತು ರೂಪಾಯಿ ಫೋನ್‌ಪೇ ಮಾಡಿದಾಂವಗೂ ಬರದಾಳ. ಎಲ್ಲಾ ಕೂಡಿ ಎಷ್ಟಾಯ್ತು ಅಂತ ಇಲ್ಲಿ ಹಾಕಲ್ಲ, ಚಾಚಾಗ ಸೇರಂಗಿಲ್ಲ. ಒಂದು ವರ್ಷದ ಆಟೋ, ಔಷಧ ನಡೀತದ, ಅಷ್ಟು ಸಾಕು ನಿನಗ.

ನಿನ್ನ ಸ್ಟಿಕ್ಕಿನ ಸುದ್ದಿ ಕಡೀಗಿ ಇಟ್ಟೀನಿ. ಸವಾಲಿಗಿ ಇಡ್ರಿ ಅಂತ ಫೋನಿನಾಗ ನೀ ಹೇಳಿದ್ದಿಯಲ್ಲ, ನಿಮ್ಮವ್ವ ತಾನೇ ಹಳೇ ಇಳಕಲ್ ಸೀರಿ ತುಣಕಿನಾಗ ಸುತ್ಕೊಂಡು ತಂದಿದ್ಲು. ಸವಾಲ್ ಐನೂರಕ್ಕ ಶುರು ಆಯ್ತು, ಸ್ಟೇಷನ್ ಬಜಾರದ ಒಬ್ಬ ಅಂಗಡಿಯಾಂವ ಸಾವಿರ ಅಂದ, ಬೀದರಿನ ಕ್ಯಾಪ್ಟನ್ ಒಂದೂವರಿ ಅಂದ, ಹಿಂದಿನ ಸಾಲಿನಾಗಿಂದ ಯಾರೋ ಹೆಣ್ಮಗಳು ಎರಡು ಸಾವಿರದ ನೂರಾ ಒಂದು ಅಂದ್ಲು. ತಿರುಗಿ ನೋಡಿದ್ರ ನಿಮ್ಮವ್ವ. ಅವ್ವಾ, ನಿಮ್ಮದೇ ಸ್ಟಿಕ್ಕು, ನೀವೇ ಯಾಕ ಕೊಳ್ಳಲತ್ತೀರಿ ಅಂದ್ರ, "ರೊಕ್ಕ ಚಾಚಾಗ ಹೋಗ್ಲಿ, ಕೋಲು ಮನ್ಯಾಗ ಇರ್ಲಿ" ಅಂದು ಮತ್ತ ಸೀರ್ಯಾಗ ಸುತ್ತಿ ಒಯ್ದ್ಲು. ಈಗ ಮೊದಲಿನ ಜಾಗಾದಾಗೇ, ಬಾಗಲ ಹಿಂದ ಅದ.

ಆ ಎರಡು ಸಾವಿರದ ನೂರಾ ಒಂದು ಅವ್ವಗ ಜಲ್ದಿ ಕಳಸು, ನಿನ್ನ ಹೆಸರಿಲೆ ಉದ್ರಿ ಬರದೀನಿ.

ನಿನ್ನ ಟೀಮಿನ ರೈಟ್ ಇನ್